ಸಣ್ಣ ಕಂಡಿಕೆ

ಸೀರೆಯ ಮೇಲೆ ಹೂವು ಅರ್ಧ ಮೂಡಿತ್ತು. ಅಷ್ಟರಲ್ಲಿ ಈಶ್ವರಿ ಲಾಳಿಯನ್ನು ಪಕ್ಕಕ್ಕಿಟ್ಟು, ಹಾಸಿನ ನೂಲಿನ ಬಿಗಿ ಸಡಿಲಿಸಿ, ಮಗ್ಗದ ಗುಂಡಿಯಿಂದ ಮೇಲೆದ್ದಳು. ಬಾಗಿಲ ಬಳಿ ರಾಟೆಯ ಮುಂದೆ ನೂಲು ಸುತ್ತುತ್ತಿದ್ದ ಅತ್ತೆ ಸಪ್ಪಲಮ್ಮನ ಕೈ ನಿಂತಿತು.

“ನೋವಾ?”

“ಇಲ್ಲತ್ತೆ.”

“ಮತ್ಯಾಕೆ ಎದ್ದೆ?”

“ಕಂಡಿಕೆ ನೂಲು ಮುಗೀತು.”

“ಮುಗುದ್ರೆ ಕೂತಲ್ಲೇ ಬೇರೆ ಆಕ್ಕೊಳ್ಳೋದು. ಊವಿನ ಮಧ್ಯ ಯಾರಾದ್ರೂ ಏಳ್ತಾರಾ? ಬಟ್ಟೇಲಿ ಗೆರೆ ಬಿದ್ರೆ ಅರುಣಾಚಲಂಗೆ ಏನು ಪದಿಲ್ ಕೊಡ್ತೀಯಾ?”

ಈಶ್ವರಿ ನಕ್ಕು, ಕಂಡಿಕೆಯ ಬುಟ್ಟಿ ಇದ್ದ ಹೊರಗಿನ ತಿಣ್ಣೆಯವರೆಗೆ ನಡೆದಳು. ಬುಟ್ಟಿಯನ್ನು ಅಷ್ಟು ದೂರ ಇಟ್ಟವಳೂ ಅವಳೇ.

ಸಪ್ಪಲಮ್ಮನಿಗೆ ಇದು ಬಿಡಿಸಲಾಗದ ಗಂಟಾಗಿತ್ತು. ನೋವು ಬಂದಾಗ ಮಲಗುವುದು ಅರ್ಥವಾಗುತ್ತದೆ. ಎರಡು ವರ್ಷದಿಂದ ಸೊಸೆಯ ಸೊಂಟ, ಬೆನ್ನು, ಭುಜ ಸರದಿ ಹಾಕಿಕೊಂಡಂತೆ ನೋಯುತ್ತಿದ್ದವು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ನೋವು ನಿಜ, ಆದರೆ ಪೂರ್ತಿ ಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಇನ್ನೊಂದು ಮಾತು ಸೇರಿಸಿದ್ದರು: ನೋವು ಬಂದ ಮೇಲೆ ಏಳಬೇಡ, ಬರುವ ಮೊದಲೇ ಏಳು. ಮನೆಗೆ ಬಂದ ಈಶ್ವರಿ ಅತ್ತೆಯನ್ನು ಕೇಳಿದ್ದು ಒಂದೇ. ಲಾಳಿಯೊಳಗೆ ಕೂರುವ ಕಂಡಿಕೆಗೆ ಮೊದಲಿನ ಅರ್ಧದಷ್ಟು ನೂಲು ಸುತ್ತಿಕೊಟ್ಟರೆ ಸಾಕು. ಅದು ಮುಗಿದಾಗ ಅವಳು ಎದ್ದು ಓಡಾಡುತ್ತಾಳೆ, ಹೂವು ಎಲ್ಲಿಗೇ ಬಂದಿರಲಿ.

ಬಾರದ ನೋವಿಗೆ ಯಾರಾದರೂ ಏಳುತ್ತಾರೆಯೇ? ಸಪ್ಪಲಮ್ಮ ನೇಯುತ್ತಿದ್ದ ಕಾಲದಲ್ಲಿ ಮಂಡಿ ಮರಗಟ್ಟುವ ತನಕ ಕೂತು, ಆಮೇಲೆ ಕಂಬ ಹಿಡಿದು ಏಳುತ್ತಿದ್ದಳು. ರಾಟೆಯ ಮುಂದಿನಿಂದ ಈಗಲೂ ಹಾಗೇ ಏಳುವುದು.

ಅವಳ ಭಯಕ್ಕೆ ಕಾರಣವಿತ್ತು. ನೂಲು ಕೊಟ್ಟು ನೇಯಿಸುವ ಅರುಣಾಚಲಂ ಹೋದ ಸಲ ಬಂದಾಗ ನಿಂತುಕೊಂಡೇ ಹೇಳಿದ್ದ: “ಆವಣಿ ತಿಂಗಳ ಮದ್ವೆ ಮುಹೂರ್ತಕ್ಕೆ ಸೀರೆ ಸೇರ್ಬೇಕು ಅಕ್ಕಾ. ಇಲ್ಲಾಂದ್ರೆ ಮುಂದಿನ ಪಾವು ಬೇರೆ ಮನೆಗೆ. ತಪ್ಪು ತಿಳ್ಕೋಬೇಡಿ.” ಪಾವು, ಅಂದರೆ ಹಾಸಿನ ನೂಲು, ಬೇರೆ ಮನೆಗೆ ಹೋದರೆ ಈಶ್ವರಿಯ ಮಗ್ಗ ನಿಂತಂತೆಯೇ. ಅಮ್ಮಾಪೇಟೆಯ ಆ ಬೀದಿಯಲ್ಲಿ ಒಮ್ಮೆ ನಿಂತ ಮಗ್ಗ ಮತ್ತೆ ಸದ್ದು ಮಾಡಿದ್ದನ್ನು ಸಪ್ಪಲಮ್ಮ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಈಶ್ವರಿ ಏನೋ ಗುನುಗುತ್ತಾ ಎದ್ದಳು. ನಡಿಗೆ ಹಗುರಾಗಿತ್ತು. ನೋಡಿಯೇ ಬಿಡೋಣ ಎಂದುಕೊಂಡ ಸಪ್ಪಲಮ್ಮ, ಬುಟ್ಟಿಯ ಕಂಡಿಕೆಗಳನ್ನೆಲ್ಲ ಹಳೆಯ ಲೆಕ್ಕದಲ್ಲಿ ದಪ್ಪಗೆ ಸುತ್ತಿ ತಂದು ಮಗ್ಗದ ಪಕ್ಕದಲ್ಲೇ ಇಟ್ಟಳು. ಸಂಜೆಯವರೆಗೂ ಮಗ್ಗ ಬಡಿಯಿತು. ಹೂವುಗಳು ಒಂದರ ಹಿಂದೊಂದು ಪೂರ್ತಿಯಾದವು. ಸಪ್ಪಲಮ್ಮ ಚೌಡಮ್ಮನ ಪಟದ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು.

ಮಂಗಳವಾರ ಈಶ್ವರಿ ಹಾಸಿಗೆ ಬಿಟ್ಟು ಏಳಲಿಲ್ಲ. ಬುಧವಾರವೂ ಏಳಲಿಲ್ಲ. ಗುರುವಾರ, ತಲೆ ಬಾಚಲು ಕೈ ಮೇಲೆತ್ತಲಾಗದೆ, ಬಾಚಣಿಗೆ ಹಿಡಿದು ಅತ್ತೆಯ ಮುಂದೆ ಬಂದು ಕೂತಳು.

“ಕಂಡಿಕೆ ದಪ್ಪ ಸುತ್ತಿದ್ದು ನಾನೇ ಕಣೇ,” ಎಂದಳು ಸಪ್ಪಲಮ್ಮ, ಸಿಕ್ಕು ಬಿಡಿಸುತ್ತಾ.

“ಲಾಳಿ ಕೈಗೆ ತಗೊಂಡಾಗ್ಲೇ ಗೊತ್ತಾಯ್ತು. ನನ್ನ ಕೈಗೆ ತೂಕ ಗೊತ್ತಾಗಲ್ವಾ?”

“ಗೊತ್ತಿದ್ದೂ ಸುಮ್ನೆ ಕೂತ್ಯಾ?”

“ಒಳ್ಳೆ ದಿನ ಬಂದ್ರೆ ನಂಗೂ ಆಸೆ ಆಯ್ತದೆ ಅತ್ತೆ. ನೋವಿರೋ ದಿನ ಉಷಾರಾಗಿರ್ತೀನಿ. ನೋವಿಲ್ದ ದಿನಾನೇ ನನ್ನ ಏಮಾರ್ಸೋದು.”

ಸಪ್ಪಲಮ್ಮ ಜಡೆ ಹೆಣೆದು ಮುಗಿಸಿದಳು. ಆಮೇಲೆ ಬುಟ್ಟಿಯಲ್ಲಿ ಉಳಿದಿದ್ದ ದಪ್ಪ ಕಂಡಿಕೆಗಳನ್ನು ಬಿಚ್ಚಿ, ಒಂದೊಂದನ್ನೂ ಎರಡು ಮಾಡಿ ಸುತ್ತಿದಳು. ಬುಟ್ಟಿಯನ್ನು ಎತ್ತಿಕೊಂಡು ಹೋಗಿ ತಿಣ್ಣೆಯ ಮೇಲಿಟ್ಟಳು.

ಆವಣಿ ಹುಟ್ಟಿದ ವಾರದಲ್ಲೇ ಸೀರೆ ಮಗ್ಗದಿಂದ ಇಳಿಯಿತು. ಅರುಣಾಚಲಂ ಅದನ್ನು ಬಾಗಿಲ ಬೆಳಕಿಗೆ ಹರವಿ, ಹೆಬ್ಬೆರಳು ಆಡಿಸುತ್ತಾ ಬಂದ. ಅರ್ಧ ಹೂವಿಗೆ ಏಳುವ ಈಶ್ವರಿಯ ಸುದ್ದಿ ಬೀದಿಯಲ್ಲಿ ಅವನ ಕಿವಿಗೂ ಬಿದ್ದಿತ್ತು. ಪ್ರತಿ ಹೂವಿನ ನಡುವೆಯೂ ಬೆರಳು ನಿಧಾನಿಸುತ್ತಿತ್ತು. ಎಲ್ಲೂ ಗೆರೆ ಸಿಗಲಿಲ್ಲ. ಸೆರಗಿಗೆ ಗೇಣುದ್ದ ಇರುವಾಗ ಬೆರಳು ನಿಂತಿತು.

“ಇಲ್ಲಿ ಮಗ್ಗದ ಏಟು ಸಡಿಲ ಐತೆ ಅಕ್ಕಾ, ಕೈ ಸೋತಂಗೆ. ಇಲ್ಲೇನಾ ಊವಿನ ಮಧ್ಯ ಎದ್ದಿದ್ದು?”

“ಇಲ್ಲ ತಂಬಿ,” ಎಂದಳು ಸಪ್ಪಲಮ್ಮ. “ಮಿಕ್ಕಿದ ಕಡೆಯೆಲ್ಲ ಎದ್ದಿದ್ಲು. ಅಲ್ಲಿ ಮಾತ್ರ ಏಳ್ದೆ ಕೂತಿದ್ಲು.”

ಅರುಣಾಚಲಂ ಅತ್ತೆಯ ಮುಖ, ಸೊಸೆಯ ಮುಖ ನೋಡಿದ. ಮತ್ತೊಮ್ಮೆ ಬಟ್ಟೆ ಮುಟ್ಟಿದ. “ಉಟ್ಕೊಳ್ಳೋರ ಕಣ್ಣಿಗೆ ಕಾಣಲ್ಲ, ಪರವಾಯಿಲ್ಲೆ,” ಎಂದು ಸೀರೆ ಮಡಿಸಿದ. ಮೆಟ್ಟಿಲಿಳಿಯುವಾಗ ತಿರುಗಿ, “ನಾಳಿದ್ದು ಪಾವು ಕಳಿಸ್ತೀನಿ,” ಎಂದ.

ಪಾವು ಬಂತು. ಹೊಸ ಸೀರೆಯ ಮೊದಲ ಹೂವು ಮೂಡುತ್ತಿದ್ದಾಗ ಬಾಗಿಲ ಬಳಿ ರಾಟೆಯ ಸದ್ದು ನಿಂತಿತು. ಈಶ್ವರಿ ಗುಂಡಿಯಿಂದಲೇ ಕತ್ತು ಹೊರಳಿಸಿ ನೋಡಿದಳು. ಕಂಡಿಕೆಯನ್ನು ಅರ್ಧಕ್ಕೇ ಬಿಟ್ಟು, ಸಪ್ಪಲಮ್ಮ ಕಂಬ ಹಿಡಿಯದೆ ಎದ್ದು ನಿಂತಿದ್ದಳು.

“ನೋವಾ ಅತ್ತೆ?”

“ಇಲ್ಲ.”

“ಮತ್ತೆ?”

“ಅದಕ್ಕೇ ಎದ್ದೆ.”