ಮೂಲೆಯ ತುಣುಕು

ಕಂದು ಬಣ್ಣ ಬರಬಾರದ ಕಡೆ ಬಂದಿತ್ತು. ಲ್ಯಾಬಿನ ಶೈಲಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದಳು. ಜಠರದ ಎರಡು ಗಡ್ಡೆಗಳು ನೋಡಲು ಅವಳಿಜವಳಿ. ಒಂದು ಸ್ನಾಯುವಿನ ಸಾದಾ ಗಡ್ಡೆ, ಕೊಯ್ದು ತೆಗೆದರೆ ಮುಗಿಯಿತು. ಇನ್ನೊಂದು ಜಿಸ್ಟ್ ಎಂಬ ಕ್ಯಾನ್ಸರ್ ಗಡ್ಡೆ, ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಎದ್ದುಬರುವಂಥದು. ಇವೆರಡನ್ನೂ ಬೇರೆ ಮಾಡಿ ತೋರಿಸುವ ಬಣ್ಣ ಆ ಲ್ಯಾಬಿಗೆ ಬಂದದ್ದು ಇವತ್ತೇ. ಜಿಸ್ಟ್ ಆದರೆ ಕಂದಾಗುತ್ತದೆ, ಸಾದಾ ಗಡ್ಡೆ ಬಿಳುಪಾಗಿಯೇ ಉಳಿಯುತ್ತದೆ.

ಸೂಕ್ಷ್ಮದರ್ಶಕದ ಗಾಜಿನ ನಡುವೆ ಇದ್ದ ಸಾಸವಡದ ಹೆಂಗಸೊಬ್ಬಳ ಗಡ್ಡೆ ಬಿಳುಪಾಗಿಯೇ ಇತ್ತು. ಕಂದಾದದ್ದು ಮೂಲೆಯ ತುಣುಕು. ಹೋಲಿಸಿ ನೋಡಲೆಂದು ಆರು ವರ್ಷಗಳಿಂದ ಶೈಲಾ ಪ್ರತಿ ಗಾಜಿನ ಮೂಲೆಗೆ ಅಂಟಿಸುತ್ತ ಬಂದ ಸಾದಾ ಗಡ್ಡೆ ಅದು, ಅವಳ ಅಪ್ಪ ಮಲಕಪ್ಪನದು. ಆಪರೇಷನ್ ಆದಮೇಲೆ ಗಡ್ಡೆ ಇಟ್ಟುಕೊಳ್ಳಲೇ ಎಂದು ಕೇಳಿದಾಗ ಆತ ನಕ್ಕಿದ್ದ: “ಇಟ್ಕೋ ಬೇಕಾದ್ರ. ನಾ ಸತ್ತ ಮ್ಯಾಲೂ ನಿನ್ನ ಕೂಡ ನೌಕರಿ ಮಾಡ್ತೀನಿ.”

“ರಂಗ ಜಾಸ್ತ ಝಾಲಾ ಅಸೇಲ, ಮ್ಯಾಡಮ್,” ಬಣ್ಣ ಹೆಚ್ಚಾಗಿರಬೇಕು ಎಂದು ಮರಾಠಿಯಲ್ಲಿ ಹೇಳಿದ ಜೊತೆಗಾರ ಸ್ವಪ್ನಿಲ್. ಬಣ್ಣ ಕಡಿಮೆ ಹಾಕಿ ಇನ್ನೊಂದು ಗಾಜು ಮಾಡಿದರು. ಮೂಲೆ ಮತ್ತೆ ಕಂದಾಯಿತು.

ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಎರಡರ ಬದಲು ನಾಲ್ಕು ರೊಟ್ಟಿ. ಬಿಬವೇವಾಡಿಯ ಮನೆಗೆ ಫೋನ್ ಹಚ್ಚಿದಳು. ಅಪ್ಪನ ದನಿ ಕೇಳಿದ್ದೇ, “ಯಪ್ಪಾ, ಇಷ್ಟ್ಯಾಕ ರೊಟ್ಟಿ?” ಎಂದಳು.

“ನನ್ನ ಪಾಲಿಂದೂ ಹಾಕೀನವ್ವಾ. ತಿಂಗಳಾತು, ಅರ್ಧ ರೊಟ್ಟಿ ತಿನ್ನೂದ್ರಾಗ ಹೊಟ್ಟಿ ತುಂಬಿಬಿಡ್ತದ. ಒಳಗ ಯಾರೋ ನನಕಿಂತ ಮೊದಲ ಉಂಡು ಕುಂತಂಗ.”