ಐವರು ಕೊಟ್ಟ ಅಂಕ

ಕ್ರಿಸ್‌ಮಸ್‌ಗೆ ಯಾವ ಫ್ರೆಂಚ್ ಕೆಂಪು ವೈನ್ ತರಿಸಬೇಕೆಂದು ತಿಳಿಯಲು, ಅಂಗಡಿಯ ಒಡತಿ ಫ್ಲೋರಿನ್ ಬಾಯಿ ತಮ್ಮ ಐವರು ಹಳೆಯ ಗಿರಾಕಿಗಳನ್ನು ಕರೆದು ಮೂರು ಬಗೆಯ ರುಚಿ ತೋರಿಸಿದರು. ಕಳೆದ ವರ್ಷ ಆರಿಸಿದ್ದು ಇನ್ನೂ ಕಪಾಟಿನಲ್ಲೇ ಧೂಳು ತಿನ್ನುತ್ತಿತ್ತು. ಈ ಸಲವೂ ಎಡವಿದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಗಿರಾಕಿಗಳು ಲೋಟ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಗುಟುಕರಿಸಿ, ಅಂಕ ಬರೆದಿಟ್ಟು ಹೋದರು. ಎಲ್ಲಕ್ಕಿಂತ ದುಬಾರಿಯಾದ ಮೊದಲನೆಯದಕ್ಕೆ ಐವರೂ ಹತ್ತಕ್ಕೆ ಹತ್ತು ಕೊಟ್ಟಿದ್ದರು.

"ಇನ್ನೆಂತ ಯೋಚನೆ ಬಾಯಮ್ಮ? ಇದನ್ನೇ ಐವತ್ತು ಪೆಟ್ಟಿಗೆ ಬರ್ಕೊಳ್ಳಲಾ?" ಎಂದ ಆರ್ಡರ್ ಬರೆದುಕೊಳ್ಳಲು ಬಂದಿದ್ದ ವೈನ್ ಕಂಪನಿಯ ಏಜೆಂಟ್.

"ಬೇಡ ಮಾರಾಯ, ಮೂರನೆಯದನ್ನು ಬರ್ಕೊ."

"ಅದಕ್ಕೆ ಎಲ್ಲರೂ ಎರಡೇ ಅಂಕ ಕೊಟ್ಟದ್ದಲ್ವಾ!"

"ಕೊಟ್ಟದ್ದು ಹೌದು. ಆದ್ರೆ ಹೋಗುವಾಗ ಯಾರೋ ಮೆಲ್ಲ ಚೀಲಕ್ಕೆ ಹಾಕ್ಕೊಂಡು ಹೋದದ್ದು ಅದೇ ಬಾಟಲಿಯನ್ನು."