ಕಂಚಿನ ನೌಕರ

ಕಂಪನಿಯ ಹಾಲಿನಲ್ಲಿ ಡೈರೆಕ್ಟರು ದಾರ ಎಳೆದರು. ನೀಲಿ ಸ್ಯಾಟಿನ್ ಬಟ್ಟೆ ಸರ್ರನೆ ಜಾರಿ ಬಿತ್ತು. ಒಳಗೆ ಬಾಗಿಲಪ್ಪ ಕೂತಿದ್ದ, ಕಂಚಿನಲ್ಲಿ. ಮಂಡಿಯ ಮೇಲೆ ಟೈಪು ಮಾಡುವವನ ಹಾಗೆ ಎರಡೂ ಕೈ ಎತ್ತಿದ್ದ. ಕೈಯ ಕೆಳಗೆ ಮಾತ್ರ ಏನೂ ಇರಲಿಲ್ಲ. ಕಂಚಿನ ಲ್ಯಾಪ್‌ಟಾಪ್ ಮಾಡಿಸುವಷ್ಟರಲ್ಲಿ ಬಜೆಟ್ ಮುಗಿದಿತ್ತಂತೆ.

ಚಪ್ಪಾಳೆ ತಟ್ಟುತ್ತಿದ್ದವರ ನಡುವೆ ಅಸಲಿ ಬಾಗಿಲಪ್ಪ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಹೆಂಡತಿ. ಅವಳು ಟೈಲರ್, ಅವಳ ಕಣ್ಣು ಮೊದಲು ಹೋದದ್ದು ಸ್ಯಾಟಿನ್ ಮೇಲೆ, ಆಮೇಲೆ ಕಂಚಿನ ಗಂಡನ ಕುರ್ಚಿಯ ಮೇಲೆ. ಬೆನ್ನಿಗೆ ಆಸರೆ, ಕೈಗೆ ತೋಳು, ಒಳ್ಳೆ ಕುರ್ಚಿ. ಮನೆಯಲ್ಲಿ ಅಸಲಿ ಗಂಡ ಅವಳ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕೂತು, ಅವಳು ಏಳಿ ಅಂದಾಗ ಎದ್ದು ನಿಂತು ಕೆಲಸ ಮಾಡುತ್ತಿದ್ದ.

ಬಾಗಿಲಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಕಾರ್ಡು ತೋರಿಸಿದರೆ ಆಫೀಸಿನ ಬಾಗಿಲು ತೆರೆಯುತ್ತದಲ್ಲ, ಅದರ ಹಿಂದಿನ ಪ್ರೋಗ್ರಾಮ್ ಅವನು ಬರೆದದ್ದು. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಪುಕ್ಕಟೆ ಬಳಸಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಿದ್ದ. ಲೋಕ ಬಳಸಿತು, ತಿದ್ದುವ ಕೆಲಸವನ್ನು ಮಾತ್ರ ಅವನಿಗೇ ಬಿಟ್ಟಿತು. ಮೊದಲು ನಾಲ್ಕಾರು ಅಂಗಡಿ, ಆಮೇಲೆ ಆಸ್ಪತ್ರೆ, ಬ್ಯಾಂಕು, ಈಗ ಈ ಥಳಥಳ ಹೊಳೆಯುವ ಕಂಪನಿ. ಬಾಗಿಲು ಹೆಚ್ಚಿದ ಹಾಗೆಲ್ಲ ದೂರು ಹೆಚ್ಚಿತು, ದುಡ್ಡು ಮಾತ್ರ ಹೊಸಿಲು ದಾಟಲಿಲ್ಲ. ಈ ತಿಂಗಳು ಯಾರಾದರೂ ಸಂಬಳ ಅಂತ ಕೊಡದಿದ್ದರೆ ಪ್ರೋಗ್ರಾಮಿಗೆ ಕೈಮುಗಿದು ತನ್ನ ಅಣ್ಣನ ಪೇಂಟ್ ಅಂಗಡಿಗೆ ಸೇರಬೇಕು ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. ಅವನು ಅದನ್ನೇ ಕಂಪನಿಗೆ ತಿಳಿಸಿದ್ದ. 'ಮನೆಯವರನ್ನೂ ಕರೆದುಕೊಂಡು ಬನ್ನಿ, ಸಿಹಿಸುದ್ದಿ ಇದೆ' ಎಂದು ಉತ್ತರ ಬಂದಿತ್ತು. ಆ ಸಿಹಿಸುದ್ದಿ ಈಗ ಕಂಚಿನ ಹಲ್ಲು ಬಿಟ್ಟುಕೊಂಡು ಕೂತಿತ್ತು.

"ಇದರ ಬದಲು ಸಂಬಳ ಕೊಡಬಹುದಿತ್ತಲ್ಲ ಸರ್?" ಅವಳು ಪಕ್ಕದಲ್ಲಿದ್ದ ಕಂಪನಿಯ ಅಕೌಂಟೆಂಟರನ್ನು ಕೇಳಿಯೇಬಿಟ್ಟಳು.

ಅಕೌಂಟೆಂಟ್ ಒಳ್ಳೆಯ ಮನುಷ್ಯ, ನೊಂದುಕೊಂಡರು. "ನಾನೆಷ್ಟು ಹೊಡೆದಾಡಿದೀನಿ ಗೊತ್ತೇನಮ್ಮ? ಇವರ ಪ್ರೋಗ್ರಾಮು ಪುಕ್ಕಟೆ, ಅಂದ್ರೆ ಬೆಲೆ ಸೊನ್ನೆ. ದುಪ್ಪಟ್ಟು ಕೊಡೋಣ ಅಂದೆ. ಡೈರೆಕ್ಟರು ದೊಡ್ಡ ಮನಸ್ಸು ಮಾಡಿ, ಛೆ, ಹತ್ತು ಪಟ್ಟು ಕೊಡಿ ಅಂದ್ರು."

"ಎಷ್ಟಾಯ್ತು?"

"ಅಲ್ಲೇ ಸಿಕ್ಕಿಹಾಕ್ಕೊಂಡ್ವಿ ನೋಡಿ. ಪ್ರತಿಮೆಗಾದ್ರೆ ಬೆಲೆ ಇದೆ. ಪಾಲಿಶ್ ಮಾಡ್ಸೋಕೆ ತಿಂಗಳು ತಿಂಗಳು ದುಡ್ಡೂ ಇಟ್ಟಿದೀವಿ. ಹಾಗೆ ಸುಮ್ನೆ ಕೊಡೋಕೆ ಬರಲ್ಲ ಅಂತ ಅವರನ್ನ ನೌಕರ ಅಂತಾನೇ ಸೇರಿಸ್ಕೊಂಡ್ವಿ."

ಅವಳ ಮುಖ ಅರಳಿತು. "ಇವರನ್ನಾ?"

"ಇವರನ್ನಲ್ಲ, ಅವರನ್ನ." ಅಕೌಂಟೆಂಟ್ ಪ್ರತಿಮೆಯ ಕೊರಳಲ್ಲಿ ತೂಗುತ್ತಿದ್ದ ನೌಕರರ ಕಾರ್ಡು ತೋರಿಸಿದರು. ಬಾಗಿಲಪ್ಪನದೇ ಫೋಟೋ, ಬಾಗಿಲಪ್ಪನದೇ ಹೆಸರು. ಅಸಲಿ ಬಾಗಿಲಪ್ಪನ ಕೊರಳಲ್ಲಿ ಇದ್ದದ್ದು 'ಸಂದರ್ಶಕ' ಎಂಬ ಕಾರ್ಡು.

"ಬನ್ನಿ ಬನ್ನಿ, ಟೀ ಆರಿಹೋಗುತ್ತೆ," ಎನ್ನುತ್ತ ಡೈರೆಕ್ಟರು ಬಾಗಿಲಿಗೆ ಕಾರ್ಡು ಹಿಡಿದರು. ಕೆಂಪು ದೀಪ ಹತ್ತಿತು. ಮತ್ತೆ ಹಿಡಿದರು. ಆಚೆ ಬಾಗಿಲಿಗೆ ಓಡಿದರು, ಅಲ್ಲೂ ಕೆಂಪು.

ಬಾಗಿಲಪ್ಪ ಗೋಡೆಯ ಮೇಲಿನ ಪುಟ್ಟ ಪರದೆಗೆ ಮೂಗು ತಾಗಿಸಿ ಓದಿದ. "ಒಂದೇ ಹೆಸರಿನ, ಒಂದೇ ಮುಖದ ಇಬ್ಬರು ಒಳಗೆ ಬಂದಿದಾರಂತೆ. ಬೆಳಿಗ್ಗೆ ಅವನನ್ನ ಕಾರ್ಡು ತೋರಿಸಿ ಒಳಗೆ ತಂದಿದೀರಿ, ಆಮೇಲೆ ನಾನು ಬಂದೆ, ಗೇಟಲ್ಲಿ ನನ್ನ ಹೆಸರು, ಫೋಟೋನೂ ತಗೊಂಡ್ರು. ಅಸಲಿ ಯಾರು ಅಂತ ತಿಳಿಯೋ ತನಕ ಯಾರನ್ನೂ ಬಿಡಲ್ಲ ಅಂತಿದೆ." ಅವನ ಮುಖದಲ್ಲಿ ಹೆಮ್ಮೆ ಉಕ್ಕಿತು. "ಕಳ್ಳರಿಗೆ ಅಂತ ಬರೆದಿದ್ದೆ. ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡೇ!"

"ಸಂತೋಷ, ಬೇಗ ತೆಗೀರಿ ಮಾರಾಯ್ರೆ," ಡೈರೆಕ್ಟರು ಕಾಲು ಬದಲಿಸುತ್ತ ನಿಂತಿದ್ದರು. "ಟೀ ಹಾಳಾಗಿ ಹೋಗ್ಲಿ, ನನಗೆ ಬಾತ್‌ರೂಮಿಗೆ ಹೋಗ್ಬೇಕು."

ಯಾರೋ ತಮ್ಮ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕೈಗಿತ್ತರು. ಬಾಗಿಲಪ್ಪ ಕೂರಲು ಜಾಗ ಹುಡುಕಿದ. ಪ್ರತಿಮೆಗೆ ಜಾಗ ಮಾಡಲು ಹಾಲಿನ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದ್ದರು. ನಡು ಹಿಡಿದುಕೊಂಡು ಅತ್ತಿತ್ತ ನೋಡಿದವನು, ಬೇರೆ ದಾರಿ ಕಾಣದೆ, ಮೆಲ್ಲಗೆ ಕಂಚಿನ ಬಾಗಿಲಪ್ಪನ ತೊಡೆಯ ಮೇಲೆ ಕೂರಲು ಹೋದ.

ಹೆಂಡತಿ ಅವನ ಕಾಲರ್ ಹಿಡಿದಳು. "ಏಳ್ರೀ ಮೇಲೆ. ನೀವ್ಯಾಕೆ ಮಾಡ್ತೀರಿ? ನೀವು ಸಂದರ್ಶಕರು. ನೌಕರಿ ಅವರದ್ದು, ತಿಂಗಳ ದುಡ್ಡು ಅವರದ್ದು, ಕುರ್ಚಿನೂ ಅವರದ್ದೇ. ಬಾಗಿಲೂ ಅವರೇ ತೆಗೀಲಿ."

"ಅಮ್ಮಾ, ಇದು ತಮಾಷೆ ಮಾಡೋ ಹೊತ್ತಲ್ಲ," ಡೈರೆಕ್ಟರ ದನಿ ಕೀರಲಾಯಿತು.

"ತಮಾಷೆ ನಾನು ಶುರು ಮಾಡಿದ್ದಲ್ಲ ಸರ್." ಅವಳು ನೆಲದ ಮೇಲಿದ್ದ ಸ್ಯಾಟಿನ್ ಎತ್ತಿ, ಒಮ್ಮೆ ಕೊಡವಿ, ಮೂಲೆಯಲ್ಲಿ ಹಾಸಿದಳು. "ಬನ್ರೀ, ಸ್ವಲ್ಪ ಬೆನ್ನು ಚಾಚಿ. ಸೋಮವಾರದಿಂದ ಪೇಂಟ್ ಡಬ್ಬ ಎತ್ತೋದಿದೆ."

ಬಾಗಿಲಪ್ಪ ಒಮ್ಮೆ ಕೆಂಪು ದೀಪವನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಲ್ಯಾಪ್‌ಟಾಪನ್ನು ಅಕೌಂಟೆಂಟರ ಕೈಗಿಟ್ಟು, ಹೋಗಿ ಮಲಗಿ ಕಣ್ಣು ಮುಚ್ಚಿದ.

ಡೈರೆಕ್ಟರು ಅಕೌಂಟೆಂಟರ ಮುಖ ನೋಡಿದರು. ಅಕೌಂಟೆಂಟ್ ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. "ನಿಯಮದ ಪ್ರಕಾರ ಆಯಮ್ಮ ಹೇಳ್ತಿರೋದು ಸರಿಯಾಗೇ ಇದೆ ಸರ್."

ಆಮೇಲೆ ಅವರು ಲ್ಯಾಪ್‌ಟಾಪನ್ನು ಜೋಪಾನವಾಗಿ ಒಯ್ದು ಕಂಚಿನ ಬೆರಳುಗಳ ಕೆಳಗೆ ಸರಿಸಿದರು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಪರದೆಯನ್ನು ಪ್ರತಿಮೆಯ ಕಣ್ಣಿಗೆ ನೇರವಾಗುವಂತೆ ತಿರುಗಿಸಿ, ಒಂದು ಹೆಜ್ಜೆ ಹಿಂದೆ ನಿಂತು, ಕೈಕಟ್ಟಿಕೊಂಡು ವಿನಯದಿಂದ ಹೇಳಿದರು:

"ಸರ್, ಸ್ವಲ್ಪ ಬೇಗ."